ಏಣಿಯಲ್ಲಿ ಕೇಳಿಸಿದ ಏದುಸಿರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅರ್ಧ ಎದ್ದು ನಿಂತ ಕಟ್ಟಡದ ಪಕ್ಕ, ಹಳದಿ ಟವರ್ ಕ್ರೇನಿನ ಬುಡದಲ್ಲಿ ಐವತ್ತೆರಡರ ಗಂಡಸೊಬ್ಬರು ಸೇಫ್ಟಿ ಬೆಲ್ಟಿನ ಕೊಂಡಿ ಸಿಕ್ಕಿಸಿಕೊಳ್ಳುತ್ತಿದ್ದಾರೆ. ಹೆಗಲಿನ ಚೀಲದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಗಾಜು ಒರೆಸಲು ಹಳೆಯ ಬನಿಯನ್ನಿನ ತುಂಡು. ಏಣಿಗೆ ಕೈ ಹಾಕುವ ಮೊದಲು ಒಮ್ಮೆ ಕತ್ತೆತ್ತಿ ನೋಡುತ್ತಾರೆ. ತುದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಾಣುವ ಗಾಜಿನ ಕೋಣೆ. ಸಂಜೆಯವರೆಗೆ ಅದೇ ಅವರ ಆಫೀಸು.

ಏಣಿಯ ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಕಬ್ಬಿಣದ ಅಟ್ಟಗಳಿವೆ. ಮೊದಲನೆಯದನ್ನು ದಾಟುವಷ್ಟರಲ್ಲಿ ಎದೆಗೆ ನೇತುಹಾಕಿಕೊಂಡ ವಾಕಿಟಾಕಿ ಗೊರಗೊರ ಎನ್ನುತ್ತದೆ.

“ಮೇಲ್ಮನೆ, ಎಲ್ಲಿದ್ದೀಯ?”

“ದಾರೀಲಿದ್ದೀನಿ ಮಾವ.”

“ಉಸಿರು?”

“ಇದೆ.”

“ಇರೋದು ಗೊತ್ತು ಕಣಯ್ಯ. ಹೇಗಿದೆ ಅಂತ ಕೇಳಿದ್ದು.”

ಸೈಟಿಗೆ ಹೊಸದಾಗಿ ಸೇರಿದವರು ಇದನ್ನು ಕೇಳಿ ನಗುತ್ತಾರೆ. ಹಳಬರು ನಗುವುದಿಲ್ಲ. ಕೆಳಗೆ ನಿಂತು ಕ್ರೇನಿಗೆ ಸಿಗ್ನಲ್ ಕೊಡುವ ಈ ಮನುಷ್ಯ ಎಲ್ಲರಿಗೂ ಮಾವ, ಇಂಜಿನಿಯರಿಗೂ ಮಾವನೇ. ಮೇಲೆ ಕೂತು ಕ್ರೇನ್ ಓಡಿಸುವವರಿಗೆ ‘ಮೇಲ್ಮನೆ’ ಎಂದು ಹೆಸರಿಟ್ಟದ್ದೂ ಇವರೇ. “ಮೇಲೆ ಕೂತ್ಕೋತಾನೆ, ಕೆಳಗಿನವರ ಮಾತು ಕೇಳಿಸ್ಕೊಳ್ಳಲ್ಲ. ಇನ್ನೇನು ಅನ್ನೋದು?” ಎಂಬುದು ಮಾವನ ವಿವರಣೆ.

ಮೇಲ್ಮನೆಯಣ್ಣ ಈ ಕಸುಬಿಗೆ ಬಂದದ್ದು ಸಿಮೆಂಟು ಕಲಸುವ ಕೂಲಿಯಾಗಿ. ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ನೆರಳು ಹುಡುಕಿಕೊಂಡು ಮಲಗಿದರೆ ಇವರು ಕ್ರೇನ್ ನೋಡುತ್ತಾ ಕೂರುತ್ತಿದ್ದರು. ಆಗಿನ ಆಪರೇಟರಿಗೆ ಊಟದ ಡಬ್ಬಿ ಕೊಂಡೊಯ್ದು ಕೊಡುವ ನೆಪದಲ್ಲಿ ಏಣಿ ಹತ್ತಿ, ಲಿವರ್ ಹಿಡಿಯುವುದನ್ನು ಕಲಿತರು. ಆಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದರು. ಈಗ ಇಪ್ಪತ್ತು ವರ್ಷ ಮೀರಿದೆ. ದಿನಕ್ಕೆ ಎಪ್ಪತ್ತು ಎಂಬತ್ತು ಸಲ ಕೊಕ್ಕೆ ಕೆಳಗಿಳಿದು ಮೇಲೇರುತ್ತದೆ. ಕಂಬಿಯ ಕಟ್ಟು, ಕಾಂಕ್ರೀಟಿನ ಬಕೆಟ್ಟು, ಕಿಟಕಿಯ ಚೌಕಟ್ಟು, ಒಮ್ಮೆ ಯಾರದೋ ಹುಟ್ಟಿದ ಹಬ್ಬದ ಕೇಕು ಕೂಡ. “ಅದೊಂದನ್ನ ಎತ್ತುವಾಗ ಮಾತ್ರ ಕೈ ನಡುಗಿತ್ತು,” ಎನ್ನುತ್ತಾರೆ.

ಈ ಕೆಲಸದ ದೊಡ್ಡ ಕಷ್ಟವನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. “ಒಂದಕ್ಕೆ ಬಾಟಲಿ ಇದೆ. ಎರಡಕ್ಕೆ ಏಣೀನೇ ಗತಿ.” ಇಳಿದು ಹತ್ತುವಷ್ಟರಲ್ಲಿ ಕೆಳಗೆ ಮೂವತ್ತು ಜನ ಕೈಕಟ್ಟಿ ಕೂರಬೇಕು. ಹಾಗಾಗಿ ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಹತ್ತುವುದು, ನೀರನ್ನು ಲೆಕ್ಕ ಹಾಕಿ ಕುಡಿಯುವುದು ಅವರಿಗೆ ರೂಢಿ. ಹೊಟ್ಟೆ ಗಡಿಯಾರದ ಹಾಗೆ ನಡೆಯುತ್ತಿತ್ತು ಎಂದು ಅವರೇ ಹೆಮ್ಮೆಪಡುತ್ತಿದ್ದರು.

ಆ ಗಡಿಯಾರ ಕೆಟ್ಟದ್ದು ಎರಡು ವರ್ಷದ ಹಿಂದೆ. ಒಂದು ವಾರ ಮಲಬದ್ಧತೆ, ಮರುವಾರ ಭೇದಿ. ಹೊಟ್ಟೆಯ ಬಲಭಾಗದಲ್ಲಿ ಯಾರೋ ಒಳಗಿನಿಂದ ಮೆಲ್ಲಗೆ ಹಿಂಡಿದಂತೆ. ಶೌಚದ ಬಣ್ಣ ಕಪ್ಪಿಗೆ ತಿರುಗಿತ್ತು. ಕೆಂಪು ರಕ್ತ ಕಾಣಿಸಿರಲಿಲ್ಲ, ಹಾಗಾಗಿ ರಕ್ತವೆಂದು ಅವರಿಗೆ ಹೊಳೆಯಲೂ ಇಲ್ಲ. ಹೊರಗಿನ ಊಟದ ದೋಷ ಎಂದುಕೊಂಡರು. ಪ್ಯಾಂಟು ಸಡಿಲವಾಯಿತು. ಪಾರ್ಲರಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅವರ ಹೆಂಡತಿ, ಸೊಂಟದ ಹತ್ತಿರ ಎರಡು ಹೊಲಿಗೆ ಹಾಕಿಕೊಡುತ್ತಾ, “ಅನ್ನ ಬಿಟ್ಟು ಒದ್ದಾಡ್ತಿರೋದು ನಾನು, ಸಣ್ಣ ಆಗ್ತಿರೋದು ನೀವು,” ಎಂದು ಗೊಣಗಿದ್ದರು.

ಎಲ್ಲಕ್ಕಿಂತ ಕಾಡಿದ್ದು ಸುಸ್ತು. ಒಂದೇ ಉಸಿರಿಗೆ ಹತ್ತುತ್ತಿದ್ದ ಏಣಿ ದಿನದಿಂದ ದಿನಕ್ಕೆ ಉದ್ದವಾದಂತೆ ಅನ್ನಿಸತೊಡಗಿತು. ಪ್ರತಿ ಅಟ್ಟದಲ್ಲೂ ನಿಂತು ಕಂಬಿಗೆ ಹಣೆ ಆನಿಸಬೇಕಾಗುತ್ತಿತ್ತು. ವಯಸ್ಸಾಯಿತು ಎಂದು ಸಮಾಧಾನ ಮಾಡಿಕೊಂಡರು. ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಬರೆದರು. ರಕ್ತ ಪರೀಕ್ಷೆ ಮಾಡಿಸಿಕೊಂಡು ತಿಂಗಳೊಳಗೆ ಬನ್ನಿ ಎಂದರು. ಇವರು ಹೋಗಲಿಲ್ಲ. ಆ ಮಾತ್ರೆ ತಿಂದರೆ ಶೌಚ ಕಪ್ಪಾಗುವುದುಂಟು ಎಂದು ಔಷಧಿ ಅಂಗಡಿಯವರು ಹೇಳಿದ್ದು ಸಬೂಬು ಹುಡುಕುತ್ತಿದ್ದವರಿಗೆ ಒಳ್ಳೆಯದೇ ಆಯಿತು. “ಮಾತ್ರೆಗಿಂತ ಮೊದಲೇ ಕಪ್ಪಿತ್ತು ಅನ್ನೋದನ್ನ ನಾನೇ ಮರೆತೆ. ಮರೆಯೋಕೆ ಇಷ್ಟ ಇತ್ತು, ಮರೆತೆ.”

ಬಿಡದವರು ಮಾವ. ಒಂದು ಬೆಳಿಗ್ಗೆ ಏಣಿಯ ಮಧ್ಯದಲ್ಲಿ ವಾಕಿಟಾಕಿಯ ಗುಂಡಿ ತೋಳಿಗೆ ಒತ್ತಿಕೊಂಡು, ಇವರ ಏದುಸಿರು ಕೆಳಗೆಲ್ಲ ಕೇಳಿಸಿತು. ಕೆಳಗಿದ್ದವರು ನಾಯಿ ಏಣಿ ಹತ್ತುತ್ತಿದೆಯೇ ಎಂದು ತಮಾಷೆ ಮಾಡಿದರು. ಮಾವ ಮಾತ್ರ ವಾಕಿಟಾಕಿಯನ್ನು ಕಿವಿಗೆ ಹಿಡಿದು ಆ ಉಸಿರನ್ನೇ ಕೇಳುತ್ತಿದ್ದರಂತೆ. “ಇಪ್ಪತ್ತು ವರ್ಷದಿಂದ ಅವನ ಮುಖಕ್ಕಿಂತ ಹೆಚ್ಚು ದನಿ ಕೇಳಿದ್ದೀನಿ,” ಎನ್ನುತ್ತಾರೆ ಮಾವ. “ಅದು ಅವನ ಉಸಿರಲ್ಲ.” ಅಂದಿನಿಂದ ದಿನಾ ಡಾಕ್ಟರ ಹತ್ತಿರ ಹೋಗು ಎಂದು ಪೀಡಿಸತೊಡಗಿದರು. ಇವರು ದಿನಾ ನಾಳೆ ಎನ್ನುತ್ತಿದ್ದರು.

ಮುಂದಿನ ವಾರವೇ ಅದು ಆಯಿತು. ಕೊಕ್ಕೆಯಲ್ಲಿ ಕಂಬಿಯ ಕಟ್ಟು ತೂಗುತ್ತಿತ್ತು. ಅದರ ದಾರಿಯಲ್ಲಿ, ಸ್ಲ್ಯಾಬಿನ ಮೇಲೆ, ಏಳೆಂಟು ಜನ ಕಂಬಿ ಕಟ್ಟುತ್ತಾ ಕುಕ್ಕುರುಗಾಲಲ್ಲಿ ಕೂತಿದ್ದರು. ಮೇಲ್ಮನೆಯಣ್ಣನ ಕಿವಿಯಲ್ಲಿ ಗುಂಯ್ ಎಂದಿತು. ಗಾಜಿನಾಚೆಯ ಜನ ಮಸುಕಾದರು. ಹಣೆಯಲ್ಲಿ ತಣ್ಣನೆಯ ಬೆವರು.

“ಮಾವ, ಕಣ್ಣು ಕತ್ತಲೆ ಬರ್ತಿದೆ.”

ಮಾವ ಕೂಗಾಡಲಿಲ್ಲ. “ಲಿವರ್ ಬಿಡು. ಬಿಟ್ಟೆಯಾ?” ಎಂದರು. ಕೈ ಬಿಟ್ಟರೆ ಕ್ರೇನು ತಾನಾಗಿ ನಿಲ್ಲುತ್ತದೆ. ಕಂಬಿಯ ಕಟ್ಟು ಗಾಳಿಯಲ್ಲಿ ಒಂದೆರಡು ಸಲ ತೂಗಿ ನಿಂತಿತು. ಮಾವ ಸ್ಲ್ಯಾಬಿನ ಮೇಲಿದ್ದವರನ್ನು ಒಂದು ಮೂಲೆಗೆ ಸರಿಸಿದರು. ಆಮೇಲೆ ವಾಕಿಟಾಕಿಯಲ್ಲಿ ಮಾತು ಶುರುಮಾಡಿದರು. ತಮ್ಮ ಮಂಡಿನೋವಿನ ಕತೆ, ಹೊಸ ಸೊಸೆ ಟೀವಿ ಜೋರಾಗಿ ಹಾಕುವ ಕತೆ. ಮೇಲಿದ್ದವರು ಹ್ಞೂಂ ಅನ್ನುತ್ತಲೇ ಇರಬೇಕು, ಅದೇ ಕರಾರು. ಹ್ಞೂಂ ಗಟ್ಟಿಯಾದ ಮೇಲೆ, “ಈಗ ಎಡಕ್ಕೆ, ಸ್ವಲ್ಪ. ಸಾಕು. ಇಳಿಸು. ಇನ್ನೂ ಇಳಿಸು,” ಎಂದು ಖಾಲಿ ಜಾಗದಲ್ಲಿ ಕಟ್ಟನ್ನು ಇಳಿಸುವಂತೆ ಮಾಡಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಬಳಿಕ ಮಾವ ತಾವೇ ಏಣಿ ಹತ್ತಿದರು. ಆ ಮಂಡಿ ಇಟ್ಟುಕೊಂಡು ಅವರು ವರ್ಷಗಳಿಂದ ಹತ್ತಿರಲಿಲ್ಲ. ಕ್ಯಾಬಿನ್ನಿನ ಬಾಗಿಲಲ್ಲಿ ತಲೆ ತೂರಿಸಿ, ಒಳಗೆಲ್ಲ ಕಣ್ಣಾಡಿಸಿ, “ಪರವಾಗಿಲ್ಲ, ಒಳ್ಳೇ ಜಾಗ ಮಾಡ್ಕೊಂಡಿದ್ದೀಯ,” ಎಂದರು. ಆಮೇಲೆ ನೆಲದ ಮೇಲೆ ಕೂತು, “ಇಲ್ಲಿ ಯಾರಿಗೂ ಕೇಳಿಸಲ್ಲ. ಈಗ ಹೇಳು, ಏನಾಗ್ತಿದೆ?” ಎಂದು ಕೇಳಿದರು.

ಹೆಂಡತಿಗೂ ಹೇಳದ ಮಾತನ್ನು ಮೇಲ್ಮನೆಯಣ್ಣ ಅಲ್ಲಿ ಹೇಳಿದರು. ಕಪ್ಪು ಬಣ್ಣ, ಹಿಂಡುವ ನೋವು, ಹೋಗಿಬಂದ ಮೇಲೂ ಇನ್ನೂ ಹೋಗಬೇಕೆನಿಸುವ ಭಾವ. ಹೇಳುತ್ತಾ ಅತ್ತರು. ತಲೆತಿರುಗಿದ್ದಕ್ಕೆ ಅಳಲಿಲ್ಲ. “ಕೆಳಗೆ ಕೂತಿದ್ದ ಅಷ್ಟೂ ಜನಕ್ಕೆ ಮನೆ ಇದೆಯಲ್ಲ ಮಾವ,” ಎಂದರಂತೆ. ಇಳಿಯುವಾಗ ಮಾವನೇ ಮುಂದಾಗಿ ಇಳಿದರು, ಇವರ ಪಾದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲಿನ ಮೇಲೆ ಇಡಿಸುತ್ತಾ.

ದೊಡ್ಡಾಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಆರರ ಆಸುಪಾಸಿನಲ್ಲಿತ್ತು. “ಇಷ್ಟು ರಕ್ತ ಇಟ್ಕೊಂಡು ಏಣಿ ಹತ್ತಿದ್ರಾ?” ಎಂದು ಡಾಕ್ಟರಮ್ಮ ಹುಬ್ಬೇರಿಸಿದರು. “ನಿಧಾನಕ್ಕೆ ಹತ್ತಿದೆ ಮೇಡಂ,” ಎಂದರು ಇವರು. ಈ ವಯಸ್ಸಿನ ಗಂಡಸಿಗೆ ರಕ್ತ ಕಡಿಮೆಯಾದರೆ ಅದು ಎಲ್ಲಿ ಸೋರುತ್ತಿದೆ ಎಂದು ಮೊದಲು ಹುಡುಕಬೇಕು ಎಂದು ಆಕೆ ವಿವರಿಸಿದರು. ದೊಡ್ಡ ಕರುಳಿನ ಬಲಭಾಗದಲ್ಲಿ ಗಂಟು ಬೆಳೆದರೆ ಎಷ್ಟೋ ಸಲ ಕೆಂಪು ರಕ್ತ ಕಾಣಿಸುವುದೇ ಇಲ್ಲ. ಸುಸ್ತು, ಏದುಸಿರು, ತೂಕ ಇಳಿಯುವುದು, ಇಷ್ಟೇ. ಆಮೇಲೆ ಕೇಳಿದರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ?

ಇಲ್ಲ ಎಂದರು. ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಪ್ಪ ಐವತ್ತು ದಾಟುವ ಮೊದಲೇ ‘ಹೊಟ್ಟೆನೋವಿನಿಂದ’ ಹೋದದ್ದು ಮಾತ್ರ ಗೊತ್ತಿತ್ತು. ಯಾವುದಕ್ಕೂ ಇರಲಿ ಎಂದು ಆಸ್ಪತ್ರೆಯ ವರಾಂಡದಿಂದಲೇ ಅಕ್ಕನಿಗೆ ಫೋನು ಮಾಡಿದರು. ಹರಿದ ಚೀಲಗಳಿಗೆ ಜಿಪ್ಪು ಹೊಲಿದುಕೊಡುವ ಅಕ್ಕನ ಮಿಷನ್ನಿನ ಸದ್ದು ಆ ಕಡೆಯಿಂದ ಕೇಳುತ್ತಿತ್ತು. ಪ್ರಶ್ನೆ ಕೇಳಿದೊಡನೆ ಸದ್ದು ನಿಂತಿತು.

“ಅಪ್ಪನ ಬಟ್ಟೆ ಒಗೀತಿದ್ದಿದ್ದು ನಾನು,” ಎಂದರು ಅಕ್ಕ. “ರಕ್ತ ಇರ್ತಿತ್ತು. ಮೂಲವ್ಯಾಧಿ ಕಣಮ್ಮ, ತಮ್ಮನಿಗೆ ಹೇಳಬೇಡ ಅಂದ್ರು. ಹೇಳಲಿಲ್ಲ ಕಣೋ.”

ಡಾಕ್ಟರಮ್ಮ ಬರೆದುಕೊಟ್ಟ ಕೊಲೊನೋಸ್ಕೋಪಿ ಎಂದರೆ ಹಿಂಭಾಗದಿಂದ ಕ್ಯಾಮೆರಾ ಇರುವ ತೆಳು ನಳಿಕೆ ತೂರಿಸಿ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಅದರ ಹಿಂದಿನ ದಿನ ಕರುಳು ಖಾಲಿ ಮಾಡಲು ಉಪ್ಪುಪ್ಪಾದ ಔಷಧಿ ಕಲಸಿದ ನೀರು ಲೀಟರುಗಟ್ಟಲೆ ಕುಡಿಯಬೇಕು. ಎರಡು ಕೋಣೆಯ ಮನೆ, ಒಂದೇ ಕಕ್ಕಸು. ಮಗಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ವಲಸೆ ಹೋದಳು. ಹೆಂಡತಿ ಲೋಟ ಹಿಡಿದು ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡರು. “ಅಷ್ಟೊಂದು ಹೊತ್ತು ನಾವಿಬ್ಬರೇ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ನಡುವೆ ಬಾಗಿಲಿತ್ತು, ಅಷ್ಟೆ,” ಎಂದು ನೆನೆಯುತ್ತಾರೆ. ಪರೀಕ್ಷೆಯದೇ ನೆನಪಿಲ್ಲ, ಮತ್ತಿನ ಸೂಜಿ ಕೊಟ್ಟಿದ್ದರು.

ಗಂಟು ಸಿಕ್ಕಿತು. ಕ್ಯಾನ್ಸರ್ ಎಂಬ ಪದ ಕೇಳಿದಾಗ ಮೇಲ್ಮನೆಯಣ್ಣನಿಗೆ ಏನೂ ಅನ್ನಿಸಲಿಲ್ಲವಂತೆ. ಪಕ್ಕದಲ್ಲಿದ್ದ ಹೆಂಡತಿ, “ಕತ್ತರಿಸಿ ತೆಗೀಬಹುದಾ?” ಎಂದಷ್ಟೇ ಕೇಳಿದರು. ತೆಗೆಯಬಹುದಿತ್ತು. ಕರುಳಿನ ಒಂದು ತುಂಡನ್ನು ಗಂಟಿನ ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿ ಹೊಲಿದರು. ಕಾಯಿಲೆ ಕರುಳು ದಾಟಿ ಬೇರೆಲ್ಲೂ ಹಬ್ಬಿರಲಿಲ್ಲ. ಮನೆಗೆ ಬಂದ ದಿನ ಹೆಂಡತಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತದ್ದು ಇವರಿಗೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಇದ್ದರು.

ಕೆಲವು ತಿಂಗಳು ಕೆಳಗೇ ಕೆಲಸ. ಮಾವನ ಪಕ್ಕ ನಿಂತು, ಬದಲಿ ಆಪರೇಟರಿಗೆ ಸಿಗ್ನಲ್ ಕೊಡುವುದು. ವರ್ಷದ ಮೇಲೆ ಮತ್ತೆ ಕ್ಯಾಮೆರಾ ಪರೀಕ್ಷೆ ಮಾಡಿದರು; ಒಳಗೆ ಎಲ್ಲ ಶುಭ್ರ. ಡಾಕ್ಟರು ಒಪ್ಪಿದ ಮೇಲೆಯೇ ಏಣಿಗೆ ಕೈ ಹಾಕಿದ್ದು. ಈಗಲೂ ತಪಾಸಣೆ ತಪ್ಪಿಸುವುದಿಲ್ಲ. ಇಂಜಿನಿಯರಿಗೆ ಹೇಳಿ ಒಂದು ಬದಲಾವಣೆಯನ್ನೂ ಮಾಡಿಸಿಕೊಂಡಿದ್ದಾರೆ: ಬೆಳಿಗ್ಗೆ ಎರಡು ಸಲ ಕ್ರೇನು ನಿಲ್ಲುತ್ತದೆ, ಆಪರೇಟರು ಇಳಿಯಲೆಂದೇ.

ಸೈಟಿನಲ್ಲಿ ಇದರ ಬಗ್ಗೆ ಯಾರೂ ಜೋರಾಗಿ ಮಾತಾಡುವುದಿಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂರುತ್ತಾರೆ. “ಅಣ್ಣ, ನನಗಲ್ಲ, ನಮ್ಮ ಭಾವನಿಗೆ,” ಎಂದು ಶುರುಮಾಡುತ್ತಾರೆ. ಕಂಬಿ ಕಟ್ಟುವವರ ಭಾವಂದಿರಿಗೆಲ್ಲ ಹೊಟ್ಟೆ ಕೆಟ್ಟಿದೆ ಎಂದು ಇವರು ನಗುತ್ತಾರೆ. ಔಷಧ ಹೇಳುವುದಿಲ್ಲ. “ಮೂಲವ್ಯಾಧಿನೇ ಇರಬಹುದಪ್ಪ. ನಾನೂ ನೀನೂ ಹೇಳೋದು ಬೇಡ, ಡಾಕ್ಟರ್ ನೋಡಿ ಹೇಳಲಿ,” ಎನ್ನುತ್ತಾರೆ. ಏನೂ ತೊಂದರೆ ಇಲ್ಲದಿದ್ದರೂ ನಲವತ್ತೈದು, ಐವತ್ತಕ್ಕೆ ಬಂದವರು ಒಮ್ಮೆ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ, ಮೊದಲಿಗೆ ಮಲ ಪರೀಕ್ಷೆ ಸಾಕಾಗಬಹುದು, ಸಣ್ಣ ಡಬ್ಬಿಯಲ್ಲಿ ಕೊಟ್ಟರಾಯಿತು ಎಂದೂ ಹೇಳುತ್ತಾರೆ.

ಒಪ್ಪಿಸುವುದು ಕಷ್ಟವಾದದ್ದು ಅಕ್ಕನನ್ನು. ಅಪ್ಪನಿಗೂ ತಮ್ಮನಿಗೂ ಬಂದಿರುವಾಗ ಅಕ್ಕ ನೇರವಾಗಿ ಕ್ಯಾಮೆರಾ ಪರೀಕ್ಷೆಯನ್ನೇ ಮಾಡಿಸಬೇಕು ಎಂದಿದ್ದರು ಡಾಕ್ಟರಮ್ಮ. “ನನಗೇನಾಗಿದೆ? ನನ್ನ ಜಿಪ್ಪು ಸರಿಯಾಗೇ ಇದೆ,” ಎಂದು ಅಕ್ಕ ಮಾತು ಹಾರಿಸುತ್ತಿದ್ದರು. ಕೊನೆಗೊಂದು ರಜಾದಿನ ಮೇಲ್ಮನೆಯಣ್ಣ ಅಕ್ಕನ ಅಂಗಡಿಗೇ ಹೋಗಿ, ಮಿಷನ್ನಿನ ಎದುರಿನ ಮುಕ್ಕಾಲಿಯ ಮೇಲೆ ಕೂತುಬಿಟ್ಟರು. ಗಿರಾಕಿಗಳು ಬಂದರು, ಹೋದರು. ಇವರು ಏಳಲಿಲ್ಲ.

“ಯಾಕೋ ಹೀಗೆ ಜೀವ ತಿಂತೀಯ?”

“ಅಕ್ಕ, ಅಪ್ಪನ್ನ ನೋಡ್ಕೊಂಡೋಳು ನೀನು. ನಿನ್ನನ್ನ ನೋಡ್ಕೊಳ್ಳೋಕೆ ನನಗೆ ಬಿಡು.”

ಅಕ್ಕ ದಾರ ಕತ್ತರಿಸಿ, ಮಿಷನ್ನಿಗೆ ಮುಚ್ಚಳ ಹಾಕಿ ಎದ್ದರು. ಪರೀಕ್ಷೆಯಲ್ಲಿ ಎರಡು ಪಾಲಿಪ್ ಸಿಕ್ಕವು, ಅಂದರೆ ಕರುಳಿನ ಗೋಡೆಯ ಮೇಲಿನ ಸಣ್ಣ ಗಂಟುಗಳು. ಬಿಟ್ಟಿದ್ದರೆ ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದಾಗಿದ್ದವು. ಅಲ್ಲೇ, ಆಗಲೇ, ಅದೇ ನಳಿಕೆಯಿಂದ ತೆಗೆದುಹಾಕಿದರು. ಸಂಜೆ ಅಕ್ಕ ಎಂದಿನಂತೆ ಅಂಗಡಿ ತೆರೆಯಲು ಹೊರಟಿದ್ದರಂತೆ. ಇಂದೊಂದು ದಿನ ಮಲಗು ಎಂದು ಬೈದು ಕೂರಿಸಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆ ಎಂದರೆ ಮೇಲ್ಮನೆಯಣ್ಣ ಮಗಳ ಮಾತೆತ್ತುತ್ತಾರೆ. ಅವಳಿಗೆ ಈಗ ಇಪ್ಪತ್ತನಾಲ್ಕು. ನಲವತ್ತಕ್ಕೆ ಅವಳೂ ಪರೀಕ್ಷೆ ಶುರುಮಾಡಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ.

“ಅವಳು ಹೋಗ್ತಾಳೆ, ಅದರ ಚಿಂತೆ ಇಲ್ಲ. ನಮ್ಮ ಅಪ್ಪ ನಾಚಿಕೆಯಿಂದ ಹೋದ್ರು. ನಮ್ಮ ಮನೇಲಿ ಈಗ ಆ ನಾಚಿಕೆ ಇಲ್ಲ. ಊಟಕ್ಕೆ ಕೂತಾಗಲೂ ‘ಇವತ್ತು ಸರಿಯಾಗಿ ಹೋಯ್ತಾ?’ ಅಂತ ಕೇಳ್ತೀನಿ. ‘ಅಪ್ಪಾ, ತಟ್ಟೆ ಮುಂದೆ ಇದೆ’ ಅಂತ ಬೈತಾಳೆ,” ಎಂದು ನಗುತ್ತಾರೆ. “ಬೈದ ಮೇಲೆ ಉತ್ತರಾನೂ ಕೊಡ್ತಾಳೆ.”