ನಾನು ಅಳಿಸಿದ ಫೈಲು

ತೊಂಬತ್ತರ ದಶಕದ ನಡುವೆ ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿಯಾಗಿದ್ದೆ. ಶಾಲೆಗೆ ಒಂದು ಕಂಪ್ಯೂಟರ್ ಬಂದಾಗ, ಗಣಿತದವರಿಗೆ ಇದೂ ಬಂದೀತೆಂದು ನನ್ನನ್ನೇ ಬೆಳಗಾವಿಗೆ ಹದಿನೈದು ದಿನದ ತರಬೇತಿಗೆ ಕಳಿಸಿದರು. ಕಲಿತು ಬಂದದ್ದಕ್ಕಿಂತ ಹೆದರಿ ಬಂದದ್ದೇ ಹೆಚ್ಚು.

ಒಂಬತ್ತನೆಯ ತರಗತಿಯಲ್ಲಿ ಐವತ್ತೆರಡು ಮಕ್ಕಳು, ಯಂತ್ರ ಒಂದೇ. ಬಟ್ಟೆ ಅಂಗಡಿಗಳಿಂದ ಖಾಲಿ ರಟ್ಟಿನ ಡಬ್ಬಿ ತರಿಸಿ, ಕತ್ತರಿಸಿ, ಪ್ರತಿಯೊಬ್ಬರಿಂದಲೂ ಒಂದು ಕೀಬೋರ್ಡ್ ಬರೆಸಿದೆ. ನಾನು ಪದ ಹೇಳಿದರೆ ಎಲ್ಲರೂ ರಟ್ಟಿನ ಮೇಲೆ ಬೆರಳು ಬಡಿಯುವರು. ಇನ್ನು ಕೆಲವು ದಿನ ಮಕ್ಕಳನ್ನೇ ಕಂಪ್ಯೂಟರ್ ಮಾಡುತ್ತಿದ್ದೆ: ಒಬ್ಬ ಚೀಟಿಯಲ್ಲಿ ಲೆಕ್ಕ ತರುವವನು, ಒಬ್ಬಳು ಬಿಡಿಸುವವಳು, ಒಬ್ಬಳು ನೆನಪಿಟ್ಟುಕೊಳ್ಳುವವಳು, ಒಬ್ಬ ಉತ್ತರವನ್ನು ಬೋರ್ಡಿನ ಮೇಲೆ ಬರೆಯುವವನು. ನೆನಪಿನ ಪಾತ್ರ ಯಾವಾಗಲೂ ಒಂದೇ ಹುಡುಗಿಗೆ. ಅವಳ ತಾಯಿ ಬೀಡಿ ಕಟ್ಟುತ್ತಿದ್ದರು. ಶಾಲೆ ಬಿಟ್ಟ ಮೇಲೆ ಇವಳೂ ಜೊತೆಗೆ ಕೂರುತ್ತಿದ್ದಳು. ಆ ಬೆರಳುಗಳಿಗೆ ರಟ್ಟಿನ ಅಕ್ಷರ ನೋಡುವ ಅಗತ್ಯವೇ ಇರಲಿಲ್ಲ.

“ಅಕ್ಕಾರ, ಖರೇ ಗುಂಡಿ ಒತ್ತಿದ್ರ ಹೆಂಗ ಅನಸ್ತೈತ್ರಿ?” ಎಂದು ಒಂದು ಶುಕ್ರವಾರ ಕೇಳಿದಳು. ಉಳಿದವರು ಹೋದ ಮೇಲೆ ಅವಳನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದು ಯಂತ್ರದ ಮುಂದೆ ಕೂರಿಸಿದೆ. ತನ್ನ ಹೆಸರು ಒತ್ತಿದಳು. ಅಕ್ಷರ ಮೂಡಿದ್ದೇ ತಡ, ಕೈ ಹಿಂದೆ ಸೆಳೆದುಕೊಂಡು ನಕ್ಕಳು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡಿ ಹೋದರು.

ಅವಳು ಮನೆಗೆ ಹೋದ ಮೇಲೆ, ಯಂತ್ರದಲ್ಲಿ ಜಾಗ ಸಾಲುತ್ತಿಲ್ಲವೆಂದು ಕೆಲವು ಫೈಲುಗಳನ್ನು ನಾನೇ ಅಳಿಸಿದೆ. ಸೋಮವಾರ ಅದು ಶುರುವಾಗಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಇಂಗ್ಲಿಷ್. ಓದಿದೊಡನೆ ಗೊತ್ತಾಯಿತು, ಅಳಿಸಬಾರದ್ದನ್ನು ಅಳಿಸಿದ್ದೆ.

ಹೆಡ್‌ಮಾಸ್ತರರು ತರಗತಿಗೇ ಬಂದರು. “ಶುಕ್ರವಾರ ಕಂಪ್ಯೂಟರ್ ಮುಟ್ಟಿದಾಕಿ ಯಾರು?”

ಅವಳು ಎದ್ದು ನಿಂತಳು. “ನಾನ್ರಿ ಸರ್.”

“ಏನ್ ಒತ್ತಿದಿ?”

“ನನ್ನ ಹೆಸರ್ರಿ.”

ಹೇಳಿ ನನ್ನತ್ತ ನೋಡಿದಳು. ನಾನೇ ಕೂರಿಸಿದ್ದೆ ಎಂದಷ್ಟಾದರೂ ಹೇಳಬಹುದಿತ್ತು. ನಾನು ಹಾಜರಿ ಪುಸ್ತಕ ತೆರೆದು ತಲೆ ತಗ್ಗಿಸಿದೆ.

“ಇನ್ನ ಮ್ಯಾಲ ಆ ಖೋಲ್ಯಾಗ ಕಾಲಿಡಬ್ಯಾಡ,” ಎಂದು ಅವರು ಹೊರಟುಹೋದರು.

ಎರಡು ದಿನದ ನಂತರ ಬೆಳಗಾವಿಯಿಂದ ರಿಪೇರಿಯವನು ಬಂದು ಅರ್ಧ ಗಂಟೆಯಲ್ಲಿ ಸರಿಮಾಡಿದ. “ಹುಡುಗ್ರು ಹೆಸರ ಒತ್ತಿದ್ರ ಹಿಂಗ ಆಗೂದಿಲ್ರಿ ಮೇಡಂ,” ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದ. ಆಗಲೂ ಬಾಯಿ ಬಿಡಲಿಲ್ಲ. ನನಗೇ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಾಗುವ ಭಯ.

ಕಂಪ್ಯೂಟರ್ ಪಿರಿಯಡ್ ಬಂದಾಗ ಅವಳು ವರಾಂಡದಲ್ಲಿ ಕೂತಿರುತ್ತಿದ್ದಳು. ಮೂರು ವಾರವಾದ ಮೇಲೆ, ಅವಳ ಗೆಳತಿ ಹೊಲಿಗೆ ಯಂತ್ರ ಕಲಿಯೋಣ ಬಾ ಎಂದು ಕರೆದರೆ ಇವಳು “ನಾ ಮುಟ್ಟಿದ್ರ ಕೆಡ್ತಾವ ಬಿಡ” ಅಂದಳಂತೆ. ಆ ಮಾತು ಕಿವಿಗೆ ಬಿದ್ದ ದಿನವೇ ಅವಳ ಮನೆಗೆ ಹೋದೆ. ತಾಯಿ ಮಗಳು ತಂಬಾಕಿನ ಮೊರ ಮುಂದಿಟ್ಟುಕೊಂಡು ಕೂತಿದ್ದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

“ಅಂದ್ರ, ನಾ ಕೆಡಿಸಿಲ್ಲೇನ್ರಿ?” ಎಂದಳು ಹುಡುಗಿ.

“ಇಲ್ಲವ್ವಾ.”

ತಾಯಿಯ ಕೈ ನಿಂತಿತು. “ಮತ್ತ ಅವತ್ತ ಯಾಕ ಹೇಳಲಿಲ್ರಿ ಅಕ್ಕಾರ? ಮೂರ ವಾರ ಆತು, ಹುಡುಗಿ ನೆಟ್ಟಗ ಉಂಡಿಲ್ಲ.”

ನಾನು ಹೊರಡಲು ತಿರುಗಿದೆ. “ಕೂಡ್ರಿ, ಚಾ ಮಾಡ್ತೀನಿ,” ಎಂದರು ಆ ತಾಯಿ. ಆ ಚಹಾ ಕುಡಿಯುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಮರುದಿನ ಹೆಡ್‌ಮಾಸ್ತರರಿಗೆ ಹೇಳಿದೆ. “ಆಗಿದ್ದ ಆತು, ಬಿಡ್ರಿ ಈಗ,” ಎಂದರು. ನಾನು ಬಿಡದೆ ತರಗತಿಯ ಮುಂದೆಯೂ ಹೇಳಿದೆ. ಮಕ್ಕಳು ಗೊಳ್ಳೆಂದು ನಕ್ಕರು, ಹುಡುಗಿ ನಗಲಿಲ್ಲ. ಅವಳು ಮತ್ತೆ ಕೋಣೆಗೆ ಬರತೊಡಗಿದಳು, ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಟ್ಟಳು. ಆದರೆ ಯಂತ್ರದ ಮುಂದೆ ಕೂರುವ ಸರದಿ ಬಂದಾಗಲೆಲ್ಲ, “ಮೊದ್ಲ ನೀ ಕೂಡ,” ಎಂದು ಪಕ್ಕದವಳಿಗೆ ಬಿಟ್ಟುಕೊಡುತ್ತಿದ್ದಳು. ಅವಳು ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೂ ಒತ್ತಾಯ ಮಾಡಲು ನನಗೆ ಮುಖವಿರಲಿಲ್ಲ.