ನಾಲ್ಕಡಿ ಬೇಲಿ ಮತ್ತು ಹುರುಳಿಕಾಯಿ ಬಳ್ಳಿ

ನಮ್ಮ ಹೇಝಲ್‌ಮೀಡ್‌ನಲ್ಲಿ ಮನೆಮನೆಗಳ ನಡುವೆ ಗೋಡೆ ಇರಲಿಲ್ಲ, ಹಸಿರು ಬೇಲಿ ಮಾತ್ರ. ಬರ್ಮಿಂಗ್‌ಹ್ಯಾಮಿನ ಹೊಗೆ ತುಂಬಿದ ವಠಾರಗಳಿಂದ ಕೂಲಿಯವರನ್ನು ಬಿಡಿಸಿ ತರಬೇಕು, ಪ್ರತಿ ಮನೆಗೂ ಒಂದು ತೋಟ ಕೊಡಬೇಕು ಎಂದು ಕೆಲವರು ಹಟ ಹಿಡಿದು ಕಟ್ಟಿದ ಊರು ಅದು. ಬೇಲಿ ನಾಲ್ಕಡಿ ಮೀರಬಾರದೆಂದು ಅವರು ನಿಯಮ ಮಾಡಿದ್ದರು. ನೆರೆಯವರು ಮುಖ ನೋಡಿಕೊಂಡು ಮಾತಾಡಲಿ ಎಂಬುದು ಅವರ ಆಸೆ. ಅಲ್ಲಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು. ಆ ಆಸೆ ಬಹುಮಟ್ಟಿಗೆ ಫಲಿಸಿದ್ದನ್ನು ಕಂಡಿದ್ದೇನೆ.

ಬೇಲಿ ಕತ್ತರಿಸುವ ಕೆಲಸ ಓಬಡಾಯ ಪಿನಕ್ ಅವರದು. ಮೊದಲು ಮೊಳೆ ಕಾರ್ಖಾನೆಯಲ್ಲಿ ದುಡಿದವರು. ಅವರು ಕತ್ತರಿಸಿದ ಬೇಲಿಯ ಮೇಲೆ ನೀರು ತುಂಬಿದ ಲೋಟ ಇಟ್ಟರೂ ತುಳುಕದು ಎನ್ನುತ್ತಿದ್ದರು ಊರವರು.

ಒಂದೇ ಒಂದು ಬೇಲಿ ಅವರ ಕೈಗೆ ಸಿಕ್ಕಿರಲಿಲ್ಲ. ಅದು ವಿಧವೆ ಕೆಝಾಯ ಟಿಬಿಟ್ಸ್ ಅವರದು. ಎರಡು ವರ್ಷದಲ್ಲಿ ಏಳಡಿ ಬೆಳೆದಿತ್ತು. ೧೯೧೨ರ ಮೇ ತಿಂಗಳಲ್ಲಿ, ಮನೆಗಳನ್ನು ಬಾಡಿಗೆಗೆ ಕೊಟ್ಟು ಊರು ನಡೆಸುತ್ತಿದ್ದ ಸಮಿತಿ ನೋಟೀಸು ಕಳಿಸಿತು: ಶನಿವಾರದೊಳಗೆ ಬೇಲಿ ಇಳಿಯದಿದ್ದರೆ ಮನೆ ಖಾಲಿ ಮಾಡಬೇಕು.

ಪಿನಕ್ ಕತ್ತರಿ ಹಿಡಿದು ಹೋದರು.

“ಬಂದ್ರಾ ಕ್ಷೌರಕ್ಕೆ? ಹೋಗ್ರೀ, ನಿಮ್ಮ ಸಮಿತಿಯವರ ಮೀಸೆ ಕತ್ತರಿಸಿ!” ಎಂದರು ಆಕೆ.

“ಮನೆ ಹೋಗತ್ತಮ್ಮಾ. ಹಟ ಯಾಕೆ?”

“ಇಪ್ಪತ್ತಾರು ವರ್ಷ ವಠಾರದಲ್ಲಿದ್ದೆ ಕಣ್ರೀ. ಗಂಡ ಹೊಡೆದ್ರೂ, ನಾನು ಅತ್ರೂ, ಒಳಲಂಗ ಒಣಗಹಾಕಿದ್ರೂ ಹನ್ನೊಂದು ಮನೆಯವರು ಕಿಟಕೀಲಿ! ಯಾರ ಕಣ್ಣಿಗೂ ಬೀಳದೆ ಅರ್ಧ ಗಂಟೆ ಕೂರಬೇಕು. ಅಷ್ಟು ಕೇಳಬಾರದಾ?”

ಪಿನಕ್ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ಬೇಲಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ, “ಹುರುಳಿಕಾಯಿ ತಿಂತೀರಾ?” ಎಂದರು.

“ತಲೆ ನೆಟ್ಟಗಿದೆಯಾ ನಿಮಗೆ?”

“ನಿಯಮ ಇರೋದು ಬೇಲಿಗೆ. ಹುರುಳಿಕಾಯಿಗೆ ಯಾವ ನಿಯಮಾನೂ ಇಲ್ಲ. ಎರಡು ತಿಂಗಳು ಸಹಿಸ್ಕೊಳ್ಳಿ, ಸಾಕು.”

ಆಕೆ ಬೆನ್ನು ತಿರುಗಿಸಿ ನಿಂತರು; ಪಿನಕ್ ಬೇಲಿಯನ್ನು ನಾಲ್ಕಡಿಗೆ ಇಳಿಸಿದರು. ಅದರ ಒಳಮಗ್ಗುಲಲ್ಲಿ ಸಾಲಾಗಿ ಉದ್ದನೆಯ ಕೋಲು ನೆಟ್ಟು ಬೀಜ ಊರಿದರು. ಆ ಎರಡು ತಿಂಗಳು ಆಕೆ ತೋಟಕ್ಕೆ ಕಾಲಿಡಲಿಲ್ಲ. ಜುಲೈ ಹೊತ್ತಿಗೆ ಬಳ್ಳಿ ಎಂಟಡಿ ಏರಿ ಕೆಂಪು ಹೂ ಬಿಟ್ಟಿತು.

ಸಮಿತಿಯ ಅಧ್ಯಕ್ಷ ಹ್ಯಾಲಮ್ ಅವರು ಸಭೆಯಲ್ಲಿ ಗುಡುಗಿದರು. “ಇದು ಕಳ್ಳಬೇಲಿ! ಆಕೆ ಮನೆ ಬಿಡಲೇಬೇಕು.”

ಸಭೆಯಲ್ಲಿ ಎಂದೂ ಬಾಯಿ ತೆರೆಯದ ಪಿನಕ್ ಎದ್ದು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ನಮ್ಮಂಥವರು ತರಕಾರಿ ಬೆಳ್ಕೊಂಡು ತಿನ್ಲಿ ಅಂತ ತಾನೇ ಸ್ವಾಮಿ ಈ ಊರು ಕಟ್ಟಿದ್ದು? ಈಗ ಬೆಳೀಬೇಡಿ ಅಂತ ಬೋರ್ಡು ಹಾಕಿಸೋಣವಾ?”

ಹಿಂದಿನ ಬೆಂಚಿನಿಂದ ಯಾರೋ, “ಹ್ಯಾಲಮ್ ಅವರೇ, ನಿಮ್ಮ ಎಲೆಕೋಸನ್ನೂ ಅಳೀಬೇಕಾ?” ಎಂದು ಕೂಗಿದರು. ಸಭೆ ಘೊಳ್ಳೆಂದಿತು. ಹ್ಯಾಲಮ್ ಒಳ್ಳೆಯ ಮನುಷ್ಯ. ಕೊನೆಗೆ ಅವರೂ ನಕ್ಕು, ಆಕೆಗೆಂದು ಬರೆಸಿ ತಂದಿದ್ದ ಹೊಸ ನೋಟೀಸನ್ನು ಹರಿದುಹಾಕಿದರು.

ಟಿಬಿಟ್ಸ್ ಆ ಮನೆಯಲ್ಲಿ ಇಪ್ಪತ್ತೇಳು ವರ್ಷ ಬಾಳಿದರು. ಚಳಿಗಾಲದಲ್ಲಿ ಬಳ್ಳಿ ಒಣಗುತ್ತಿತ್ತು, ನಿಜ. ಆದರೆ ಆಗ ಹೊರಗೆ ಕೂರುವವರಾದರೂ ಯಾರು? ಮುಂದೆ ದೂರದೂರದ ಊರುಗಳಿಂದ ಜನ ಬಂದು ನಮ್ಮ ರಸ್ತೆ, ಸೂರು, ಬೇಲಿಗಳ ಅಳತೆ ಬರೆದುಕೊಂಡು ಹೋಗಿ ತಮ್ಮಲ್ಲೂ ತೋಟದೂರು ಕಟ್ಟಿದರು. ಅವರಿಗೆ ಕೊಡುತ್ತಿದ್ದ ನಿಯಮಾವಳಿಯಲ್ಲಿ ಸಮಿತಿ ತಾನೇ ಒಂದು ಸಾಲು ಸೇರಿಸಿತ್ತು: ತರಕಾರಿ ಬಳ್ಳಿಗೆ ಎತ್ತರದ ಮಿತಿ ಇಲ್ಲ.