ಕರಡಿಗೆ ತೆರೆಯದ ಮುಚ್ಚಳ

ಮುಚ್ಚಳಗಳ ವಿಷಯದಲ್ಲಿ ಸಿದ್ರಾಮನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ರಬಾಳೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಎಣ್ಣೆ ಡಬ್ಬಿ, ಔಷಧಿ ಬಾಟಲಿ, ಉಪ್ಪಿನಕಾಯಿ ಜಾಡಿ, ಇವುಗಳ ಮುಚ್ಚಳ ತಯಾರಾಗುವ ಅಚ್ಚುಗಳನ್ನು ಮಷಿನ್ನಿಗೆ ಕೂರಿಸುವುದು, ಸವೆದರೆ ತಿಕ್ಕಿ ಸರಿಮಾಡುವುದು ಅವನ ಕೆಲಸ. ವಿಜಯಪುರದ ಕಡೆಯಿಂದ ಮೀಸೆ ಚಿಗುರುವ ವಯಸ್ಸಿಗೆ ಹಮಾಲಿ ಮಾಡಲು ಬಂದವನು, ಲಾರಿಗೆ ಚೀಲ ಹೇರುತ್ತಲೇ ಒಳಗಿನವರ ಸ್ನೇಹ ಬೆಳೆಸಿ ಈ ವಿದ್ಯೆ ಕಲಿತ. ಹಾಗಾಗಿ ಬೆಟ್ಟ ಹತ್ತುವ ಗುಂಪು ನಡೆಸುವ ಕಲ್ಯಾಣದ ಅಭಿಜಿತ್, ಈ ಸಲದ ಹಿಮಾಲಯ ಪ್ರವಾಸಕ್ಕೆ ಬರುವವರು ಒಬ್ಬೊಬ್ಬರೂ ಕರಡಿಯಿಂದ ತೆರೆಯಲಾಗದಂಥ ಊಟದ ಡಬ್ಬಿ ಆರಿಸಿಕೊಳ್ಳಬೇಕು ಎಂದಾಗ ಎಲ್ಲರೂ ಸಿದ್ರಾಮನ ಕಡೆ ತಿರುಗಿದರು. ಕಾಕಾಗೆ ಏನು ಬಿಡಿ, ಮುಚ್ಚಳದ ಜೊತೆಗೇ ಹುಟ್ಟಿದವರು ಎಂದು ನಕ್ಕರು. ಸಿದ್ರಾಮನೂ ನಕ್ಕ. ನಗುವಾಗ ಬಲಗೈಯನ್ನು ಪ್ಯಾಂಟಿನ ಜೇಬಿನೊಳಗೇ ಇಟ್ಟುಕೊಂಡಿದ್ದ.

ಬೆಟ್ಟ ಹತ್ತುವುದು ಅವನಿಗೆ ಹಿಡಿದ ಹುಚ್ಚು. ವಿಠ್ಠಲವಾಡಿಯ ಚಾಳಿನ ವಠಾರದಲ್ಲಿ ಅವನ ವಾರಿಗೆಯವರೆಲ್ಲ ರಜೆಯ ದಿನ ಕಾಲು ಚಾಚಿ ಮಲಗುತ್ತಿದ್ದರೆ, ಇವನು ಬೆನ್ನಿಗೊಂದು ಚೀಲ ಹಾಕಿಕೊಂಡು ಮಲಂಗಗಡದ ಕಡೆ ಹೊರಟುಬಿಡುತ್ತಿದ್ದ. ಅಭಿಜಿತ್ ಕಲ್ಯಾಣ ಸ್ಟೇಷನ್ನಿನ ಹತ್ತಿರ ಟೆಂಟು, ಬೂಟು, ಚೀಲ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವನು. ಅವನ ಗುಂಪಿಗೆ ಸೇರಿದ ಮೇಲೆ ಸಹ್ಯಾದ್ರಿಯ ಕೋಟೆಗಳೆಲ್ಲ ಆದವು. ಕಾರ್ಖಾನೆಯಲ್ಲಿ ಅವನನ್ನು ಕೆಲಸಕ್ಕೆ ಕರೆಯುವವರೇ ಎಲ್ಲ. ಬೆಟ್ಟದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಅಲ್ಲಿ ತಾನಾಗಿಯೇ ಎಲ್ಲರಿಗಿಂತ ಮೊದಲು ಎದ್ದು ಚಹಾ ಕಾಸುತ್ತಿದ್ದ, ಬೇಡವೆನಿಸಿದರೆ ಕಾಸುತ್ತಿರಲಿಲ್ಲ. ಈ ಸುಖವನ್ನು ಮನೆಯಲ್ಲಿ ಬಿಡಿಸಿ ಹೇಳಲು ಅವನಿಗೆ ಬರುತ್ತಿರಲಿಲ್ಲ, ಹೆಂಡತಿ ಮಾನಮ್ಮ ಕೇಳಿದವಳೂ ಅಲ್ಲ.

ಈಗ ಆ ಕೈಯ ಮಾತು. ಕಳೆದ ವರ್ಷದಿಂದ ಅದು ಒಣಗುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿರುವ ದಪ್ಪ ಮಾಂಸ ಕರಗಿ ಅಲ್ಲೊಂದು ಗುಳಿ ಬಿದ್ದಿತ್ತು. ಸ್ಪ್ಯಾನರು ಜಾರುತ್ತಿತ್ತು, ಲೋಟ ಜಾರುತ್ತಿತ್ತು. ದೊಡ್ಡ ಡಾಕ್ಟರೊಬ್ಬರು ಸೂಜಿ ಚುಚ್ಚಿ, ತಂತಿ ಹಚ್ಚಿ ಪರೀಕ್ಷೆ ಮಾಡಿ, ಇದು ನರ ಸೊರಗುವ ಕಾಯಿಲೆ, ಬೆರಳಿನಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ, ನಿಲ್ಲಿಸುವ ಔಷಧ ನಮ್ಮಲ್ಲಿಲ್ಲ ಎಂದು ಹೇಳಿಬಿಟ್ಟಿದ್ದರು. ಒಬ್ಬನೇ ಹೋಗಿದ್ದ, ಒಬ್ಬನೇ ಕೇಳಿಸಿಕೊಂಡು ಬಂದ. ಮನೆಯಲ್ಲಿ ವಿಟಮಿನ್ ಕಡಿಮೆ ಇದೆಯಂತೆ ಎಂದ. ಮಾನಮ್ಮ ಹೌದೇನ್ರಿ ಎಂದು ಹಾಲು ಹೆಚ್ಚು ಕೊಡತೊಡಗಿದಳು. ಹಿಮಾಲಯವನ್ನು ಕಾಲಿನ ಬಲ ಇರುವಾಗಲೇ ಒಮ್ಮೆ ನೋಡಿಬಿಡಬೇಕು ಎಂದು ಅವನು ಹೆಸರು ಕೊಟ್ಟದ್ದು ಆ ವಾರವೇ. ಇನ್ನೊಂದು ಸಲ ಎನ್ನುವುದು ಅವನ ಪಾಲಿಗೆ ಇರಲಿಲ್ಲ, ಅದು ಅವನಿಗೆ ಗೊತ್ತಿತ್ತು.

ಹೋಗುವ ಕಣಿವೆಯಲ್ಲಿ ಕರಡಿಗಳ ಕಾಟ. ಹಿಂದಿನ ಸಲ ಬೇರೆ ಯಾವುದೋ ಗುಂಪಿನವರು ಊಟದ ಚೀಲವನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗಿದ್ದರು. ವಾಸನೆ ಹಿಡಿದು ಬಂದ ಕರಡಿ ಟೆಂಟು ಹರಿದು ಒಬ್ಬನ ಮುಖವನ್ನು ಬಗೆದಿತ್ತು. ಅದಕ್ಕೇ ಅಭಿಜಿತ್‌ನ ನಿಯಮ ಕಟ್ಟುನಿಟ್ಟು. ಊಟ, ಸಾಬೂನು, ಪೇಸ್ಟು, ವಾಸನೆ ಬರುವುದೆಲ್ಲ ಡಬ್ಬಿಯೊಳಗೆ, ಡಬ್ಬಿ ಟೆಂಟಿನಿಂದ ದೂರ. ಅವರವರ ಡಬ್ಬಿ ಅವರವರೇ ಹೊರಬೇಕು, ಅವರವರೇ ತೆರೆಯಬೇಕು. ಅಂಗಡಿಯಲ್ಲಿ ಮೂರು ನಮೂನೆಯವನ್ನು ಮುಂದಿಟ್ಟು ಒಂದೊಂದಾಗಿ ತೆರೆದು ತೋರಿಸಿದ.

"ಕರಡಿಗೆ ಬಲ ಇದೆ, ಉಗುರಿದೆ, ಮೂಗಿದೆ ಕಾಕಾ," ಎಂದು ಮರಾಠಿಯಲ್ಲಿ ಹೇಳಿದ. "ನಮ್ಮಂಥ ಹೆಬ್ಬೆರಳು ಮಾತ್ರ ಇಲ್ಲ. ಈ ಡಬ್ಬಿಗಳೆಲ್ಲ ನಿಂತಿರೋದು ಅದೊಂದರ ಮೇಲೆ."

ಸಿದ್ರಾಮ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಅಂಗಡಿಯಲ್ಲಿ ಯಾವುದನ್ನೂ ಮುಟ್ಟಲಿಲ್ಲ. ಮನೆಗೊಯ್ದು ಸಾವಕಾಶ ನೋಡಿ ಆರಿಸುತ್ತೇನೆ ಎಂದು ಮೂರನ್ನೂ ಚೀಲಕ್ಕೆ ತುಂಬಿಸಿಕೊಂಡ.

ಮಾನಮ್ಮ ಸಂತೆಗೆ ಹೋದ ಹೊತ್ತು ನೋಡಿ ಚಾಪೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟುಕೊಂಡು ಕುಳಿತ. ಮೊದಲನೆಯದು ಗಾಜಿನಂತೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಅಂಚಿನ ನಾಲಿಗೆಯನ್ನು ಹೆಬ್ಬೆರಳಲ್ಲಿ ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಬೇಕು. ಒತ್ತಿದ, ಹೆಬ್ಬೆರಳು ಬಾಗಿತು, ನಾಲಿಗೆ ಬಾಗಲಿಲ್ಲ. ಎರಡನೆಯದು ಕರಿಯದು, ಭಾರದ್ದು, ಮುಚ್ಚಳದ ತಿರುಪನ್ನು ನಾಣ್ಯ ತೂರಿಸಿ ತಿರುವಬೇಕು. ನಾಣ್ಯ ಕೈಯಿಂದ ಜಾರಿ ಕಪಾಟಿನ ಕೆಳಗೆ ಉರುಳಿತು. ಬಗ್ಗಿ ತೆಗೆದ, ಮತ್ತೆ ಜಾರಿತು. ಮೂರನೆಯದು ಡಬ್ಬಿಯೇ ಅಲ್ಲ, ಉಗುರಿಗೆ ಹರಿಯದ ಗಟ್ಟಿ ಬಟ್ಟೆಯ ಚೀಲ. ಹಗ್ಗ ಜಗ್ಗಿ ಗಂಟು ಬಿಗಿದರೆ ಮುಗಿಯಿತು. ಗಂಟು ಬಿತ್ತು, ಆದರೆ ಹಗ್ಗವನ್ನು ಜಗ್ಗಿ ಬಿಗಿಯಲು ಬೆರಳಲ್ಲಿ ಏನೂ ಉಳಿದಿರಲಿಲ್ಲ. ಚೀಲವನ್ನು ಅಲುಗಾಡಿಸಿದರೆ ಗಂಟು ತಾನೇ ಬಿಚ್ಚಿಕೊಂಡಿತು. ಕನ್ನಡದ ಸೋಲಿನ ಮಾತುಗಳಲ್ಲೆಲ್ಲ ಕೈಯದೇ ಪಾರುಪತ್ಯ. ನಂಬಿದವನು ಕೈ ಕೊಟ್ಟ ಎನ್ನುತ್ತೇವೆ, ಸಾಕಾದವನು ಕೈ ಚೆಲ್ಲಿದ ಎನ್ನುತ್ತೇವೆ, ಏನೂ ಮಾಡಲಾಗದವನನ್ನು ಕೈಲಾಗದವ ಎಂದು ತಳ್ಳಿಹಾಕುತ್ತೇವೆ. ಸಿದ್ರಾಮ ಚಾಪೆಯ ಮೇಲೆ ಕುಳಿತು ಈ ಮೂರೂ ಆಗಿದ್ದ.

ಆದರೂ ಅವನ ಹತ್ತಿರ ಒಂದು ಸಮಾಧಾನ ಉಳಿದಿತ್ತು. ಅದು ಅವನ ಕರಡಿಗೆ. ಇಷ್ಟಲಿಂಗ ಇಡುವ ಬೆಳ್ಳಿಯ ಪುಟ್ಟ ಕರಡಿಗೆ, ಅಪ್ಪನ ಕಾಲದ್ದು, ಮುಚ್ಚಳ ಹಲ್ಲು ಕಚ್ಚಿದಂತೆ ಬಿಗಿ. ಮಷಿನ್ನಿನ ಮುಂದೆ ಕೊರಳಲ್ಲಿ ಏನೂ ಇರಬಾರದೆಂದು ಅದನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದ. ದಿನಾ ಮುಂಜಾನೆ ಜಳಕ ಮಾಡಿ, ವಿಭೂತಿ ಧರಿಸಿ, ಆ ಮುಚ್ಚಳ ತೆಗೆದು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುವವನು. ಎಲ್ಲ ಜಾರಿದರೂ ಆ ಮುಚ್ಚಳ ಮಾತ್ರ ಅವನ ಬೆರಳಿಗೆ ಬರುತ್ತಿತ್ತು. ಡಾಕ್ಟರಿಗೆ ಏನು ಗೊತ್ತು ಎಂದು ದಿನಕ್ಕೊಮ್ಮೆ ಅನ್ನಿಸುತ್ತಿದ್ದುದು ಆ ಹೊತ್ತಿನಲ್ಲೇ. ಲಿಂಗದೇವರ ಮುಂದೆ ನಡೆಯುವ ಕೈ ಬೇರೆ ಕಡೆ ನಡೆಯದಿದ್ದರೆ ತಪ್ಪು ಡಬ್ಬಿಯದೇ ಇರಬೇಕು, ಹೊಸ ಮಾಲು, ಬಿಗಿ ಇರುತ್ತದೆ ಎಂದುಕೊಂಡ.

ಮರುದಿನ ಪೂಜೆಗೆ ಕುಳಿತವನು ಮಗಳನ್ನು ಕೂಗಿದ. ಭಾಗ್ಯಾ ಇಲ್ಲೇ ಹುಟ್ಟಿ ಬೆಳೆದವಳು, ಡೊಂಬಿವಲಿಯ ಒಂದು ಲ್ಯಾಬಿನಲ್ಲಿ ಕೆಲಸ. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ.

"ಭಾಗ್ಯಾ, ಕರಡಿಗೆ ತಗೊಂಬಾ."

ಅವಳು ಅಟ್ಟದ ಮೇಲಿಂದ ಆ ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಎದೆಗವಚಿಕೊಂಡು ಬಂದು ಅವನ ಮುಂದೆ ಇಟ್ಟಳು.

"ಇದ್ಯಾಕ ತಂದಿ?"

"ಆಪ್ ಹೀ ತೋ ಬೋಲೆ ಪಪ್ಪಾ, ಕರಡಿಗೆ. ಭಾಲೂ ಕೇ ಲಿಯೇ. ಯಹೀ ತೋ ಹೈ."

ಲಿಂಗದ ಕರಡಿಗೆಯನ್ನು ಅವಳು ಕರಡಿಗಾಗಿ ಎಂದು ತಿಳಿದಿದ್ದಳು. ಸಿದ್ರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಮಾನಮ್ಮ ನಗಲಿಲ್ಲ. ಲಗುಬಗೆಯಿಂದ ಬಂದು, ಜಗಲಿಯ ಕಡೆ ಮುಖ ಮಾಡಿ ಒಂದು ಗಳಿಗೆ ನಿಂತು, ಕರಡಿಗೆಯನ್ನು ತಾನೇ ತಂದುಕೊಟ್ಟಳು. ಅವನು ಮುಚ್ಚಳ ತೆಗೆದ. ಅದು ಸಲೀಸಾಗಿ ಬಂತು.

ಆ ಧೈರ್ಯದ ಮೇಲೆಯೇ ಅವನು ಮಾಡಬಾರದ್ದನ್ನು ಮಾಡಿದ. ಪಾರದರ್ಶಕ ಡಬ್ಬಿಯನ್ನು ಕಾರ್ಖಾನೆಗೆ ಒಯ್ದು, ಊಟದ ಬಿಡುವಿನಲ್ಲಿ ಮುಚ್ಚಳವನ್ನು ಶಿಕಂಜದ ದವಡೆಯಲ್ಲಿ ಕಚ್ಚಿಸಿ, ಕಾನಸೆಂಬ ಅರವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಆ ನಾಲಿಗೆಯನ್ನು ತಿಕ್ಕಿದ. ಹೊಸ ಅಚ್ಚಿನಿಂದ ಬಂದ ಮುಚ್ಚಳ ಬಿಗಿಯಾದರೆ ಅವನು ವರ್ಷಗಟ್ಟಲೆ ಮಾಡುತ್ತ ಬಂದದ್ದು ಅದನ್ನೇ, ಒಂದಿಷ್ಟು ಸವರಿ ಸಡಿಲಿಸುವುದು. ಗಿರಾಕಿಯ ಕೈಗೆ ಸುಲಭವಾಗಿ ಬರಬೇಕು ಎನ್ನುವುದು ಅವರ ಕಸುಬಿನ ಧರ್ಮ. ಯಾರ ಕೈಗೂ ಸುಲಭವಾಗಬಾರದು ಎಂದು ಮಾಡಿದ ಮುಚ್ಚಳ ಅವನ ಕೈಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಈಗ ಅಂಗೈಯ ಹಿಂಬದಿಯಿಂದ ನೂಕಿದರೂ ತಿರುಗುತ್ತಿತ್ತು. ಮನೆಗೆ ಮರಳುವ ದಾರಿಯಲ್ಲಿ ಠಾಣೆ ಊರಿನ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ಅಭಿಜಿತ್‌ಗೆ ಫೋನು ಮಾಡಿ, ಪ್ಲಾಸ್ಟಿಕ್ ಡಬ್ಬಿ ಆರಿಸಿದೆ, ನನ್ನ ಹೆಸರು ಪಕ್ಕಾ ಮಾಡು ಎಂದ.

ಮನೆಗೆ ಬಂದಾಗ ಮಾನಮ್ಮ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವಳ ಮುಂದೆಯೇ ಡಬ್ಬಿ ಇಟ್ಟು ಮುಚ್ಚಳ ತೆರೆದು ತೋರಿಸಿದ. ಅವಳು ನೋಡಿದಳು. ಮತ್ತೆ ಮುಚ್ಚ್ರಿ ಎಂದಳು. ಮುಚ್ಚಿದ. ಕೈತುಂಬ ಹಿಟ್ಟು ಮೆತ್ತಿಕೊಂಡಿದ್ದರಿಂದ ಡಬ್ಬಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಮೊಣಕೈಯಿಂದ ಮುಚ್ಚಳವನ್ನು ದೂಡಿದಳು. ತೆರೆದುಕೊಂಡಿತು.

"ನನ್ನ ಮೊಣಕೈಗೇ ತೆರೀತು," ಎಂದಳು. "ಕರಡಿ ಬಿಡತೈತೇನ್ರಿ?"

"ಸ್ವಲ್ಪ ಸಡಿಲ ಮಾಡೀನಿ, ಅಷ್ಟ. ದೂರ ಇಡ್ತೀವಿ ಅದನ್ನ."

"ಒಂದ್ಸಲ ರುಚಿ ಹತ್ತಿದ್ರ ಅದು ದೂರದಾಗ ನಿಂದ್ರತೈತಿ? ಮಗ್ಗಲ ಟೆಂಟಿನಾಗ ಮಂದೀ ಮಕ್ಕಳು ಮಲಗಿರ್ತಾರ. ಅವರಿಗೇನರ ಆದ್ರ?"

ಅವನಿಗೆ ಸಿಟ್ಟು ಬಂತು. ತಪ್ಪು ತನ್ನದೆಂದು ತಿಳಿದಾಗ ಬರುವ ಸಿಟ್ಟು ಅದು, ಅದಕ್ಕೇ ದನಿ ಏರಿತು. "ಹಂಗಾರ ಬ್ಯಾಡ, ಬ್ಯಾರೆ ತಗೋತೀನಿ. ನನ್ನ ಕೈಗೇನಾಗೈತಿ? ದಿನಾ ಮುಂಜಾನೆ ಕರಡಿಗೆ ತೆಗೀತೀನಿ. ಅಂಥಾ ಬಿಗಿ ಮುಚ್ಚಳ. ನೀ ನೋಡಿಲ್ಲ?"

ಮಾನಮ್ಮ ಕೈಯ ಹಿಟ್ಟನ್ನು ತಾಟಿನ ಅಂಚಿಗೆ ಒರೆಸಿದಳು. ಇದನ್ನು ಹೇಳುವ ಹೊತ್ತು ಬಾರದಿರಲಿ ಎಂದು ದೇವರಲ್ಲಿ ಎಷ್ಟು ಬೇಡಿಕೊಂಡಿದ್ದಳೋ.

"ನೀವು ಜಳಕಕ್ಕ ಹೋದಾಗ ನಾನ ಅದನ್ನ ಸಡಿಲ ಮಾಡಿ ಇಡ್ತೀನ್ರಿ," ಎಂದಳು. "ಲಿಂಗ ಮುಟ್ಟಿಲ್ಲ. ಮುಚ್ಚಳ ಅಷ್ಟ ಎತ್ತಿ, ಮ್ಯಾಲ ಹಂಗ ಇಟ್ಟಿರ್ತೀನಿ. ತಪ್ಪಾತು."

ಸಿದ್ರಾಮ ಗೋಡೆಗೆ ಒರಗಿದ. ಇನ್ನೊಬ್ಬರ ಇಷ್ಟಲಿಂಗವನ್ನು ಮುಟ್ಟುವುದಿರಲಿ, ಅದರ ಮುಚ್ಚಳ ಎತ್ತುವುದೂ ಅವಳಿಗೆ ಎಂಥ ಅಂಜಿಕೆಯ ಕೆಲಸ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಬರೀ ನಾಚಿಕೆ.

"ಯಾವಾಗಿಂದ?"

"ದೀಪಾವಳಿ ಮುಂದ. ಒಂದಿನ ತೆಗಿಯಾಕ ಬರದ ನೀವು ಹಲ್ಲಿನಿಂದ ಕಚ್ಚಿ ತೆಗದ್ರಿ. ಬಾಗಲದಾಗ ನಿಂತು ನೋಡಿದೆ. ದೇವರ ಡಬ್ಬಿಗೆ ಹಲ್ಲು ಹಚ್ಚೀನಿ ಅಂತ ನೀವು ಕಣ್ಣಾಗ ನೀರು ತಂದ್ರಿ."

ಅವನಿಗೆ ಆ ದಿನ ನೆನಪಿತ್ತು. ಮರುದಿನ ಮುಚ್ಚಳ ತಾನಾಗಿ ಬಂದಾಗ, ಹಿಂದಿನ ದಿನದ್ದು ಏನೋ ಆಯಾಸ ಎಂದುಕೊಂಡಿದ್ದ. ಡಾಕ್ಟರ ಮಾತು ಸುಳ್ಳಾಗುತ್ತಿದೆ ಎಂದು ನಂಬಲು ತೊಡಗಿದ್ದು ಅಂದಿನಿಂದಲೇ. ದೇವರು ಕೈ ಹಿಡಿದ ಎಂದು ಒಬ್ಬನೇ ಖುಷಿಪಟ್ಟ ಅಷ್ಟೂ ಮುಂಜಾವುಗಳು ಈಗ ಒಂದೇ ಏಟಿಗೆ ಹೋದವು.

ಆಮೇಲೆ ಅಭಿಜಿತ್‌ಗೆ ಫೋನು ಹಚ್ಚಲು ಹೇಳಿದ. ಅವಳು ನಂಬರು ಒತ್ತಿ ಅವನ ಕಿವಿಗೆ ಹಿಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಕಾಯಿಲೆಯ ಹೆಸರನ್ನೂ ಹೇಳಿದ. ಮಾನಮ್ಮ ಆ ಹೆಸರು ಕೇಳಿದ್ದು ಆಗಲೇ. ಅಭಿಜಿತ್ ಒಳ್ಳೆಯ ಹುಡುಗ. ನಿಯಮ ಗಿಯಮ ಬಿಡಿ ಕಾಕಾ, ನಿಮ್ಮ ಡಬ್ಬಿ ನಾನು ತೆರೆದು ಕೊಡುತ್ತೇನೆ, ಟೆಂಟಿನ ಜಿಪ್ಪು ಹುಡುಗರು ಎಳೆಯುತ್ತಾರೆ, ಬೂಟಿನ ಲೇಸೂ ಕಟ್ಟುತ್ತಾರೆ, ನೀವು ಬರೀ ನಡೆದರೆ ಸಾಕು ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಜಿಪ್ಪು, ಲೇಸು ಎಂದು ಅವನು ಒಂದೊಂದೇ ಸೇರಿಸುತ್ತ ಹೋದಂತೆ ಸಿದ್ರಾಮನ ಕಣ್ಣಿಗೆ ಆ ಬೆಟ್ಟದ ಮೇಲೆ ತಾನು ಹೇಗಿರುತ್ತೇನೆ ಎನ್ನುವುದು ಕಟ್ಟಿದಂತಾಯಿತು.

"ನಾಹೀ ರೇ ಬಾಳಾ," ಎಂದ. "ಮೀ ನಾಹೀ ಯೇತ."

ಬರುವುದಿಲ್ಲ ಎಂಬ ಆ ಮಾತಿನೊಂದಿಗೆ ಹಿಮಾಲಯ ಮುಗಿಯಿತು. ಮಾನಮ್ಮ ಫೋನು ಕೆಳಗಿಟ್ಟು ಒಲೆಯ ಕಡೆ ತಿರುಗಿದಳು. ಹಂಚು ಕಾದು ಹೊಗೆಯಾಡುತ್ತಿತ್ತು.

"ಮಾನಮ್ಮಾ."

"ಏನ್ರಿ."

"ಇನ್ನ ಏನೇನ ಸಡಿಲ ಮಾಡಿ ಇಟ್ಟಿ?"

ಅವಳು ಹಂಚು ಇಳಿಸಿದಳು. ಅವನೇ ನೋಡತೊಡಗಿದ. ಮೈಮೇಲಿನ ಅಂಗಿಗೆ ಗುಂಡಿಯ ಬದಲು ಒತ್ತಿದರೆ ಕೂಡುವ ಟಿಚ್ ಬಟನ್ನು ಬಂದಿದ್ದವು; ಈಗ ಇದೇ ಫ್ಯಾಶನ್ನಂತ್ರಿ ಎಂದು ಅವಳು ಹೊಲಿದಿದ್ದಳು. ಬುತ್ತಿಯ ಸ್ಟೀಲ್ ಡಬ್ಬಿ ಹೋಗಿ ಬುತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು; ರೊಟ್ಟಿ ಮೆತ್ತಗಿರತಾವ ಎಂದಿದ್ದಳು. ಬಚ್ಚಲಿನ ನಲ್ಲಿಯನ್ನು ಪೂರ್ತಿ ಮುಚ್ಚದೆ ನೀರು ಹನಿಯಲು ಬಿಡುತ್ತೀ ಎಂದು ಮೊನ್ನೆಯಷ್ಟೇ ಅವಳಿಗೆ ಬೈದಿದ್ದ, ಅವಳು ತಲೆ ತಗ್ಗಿಸಿ ಬೈಸಿಕೊಂಡಿದ್ದಳು.

"ಹಂಗಾರ ಈ ಮನ್ಯಾಗ ನಾ ತೆಗಿಯೂದು ಯಾವುದ ಐತಿ?" ಎಂದು ಕೇಳಿದ. ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ.

ಒಂದಾದರೂ ಹೆಸರು ಹೇಳಬೇಕೆಂದು ಮಾನಮ್ಮ ಮನೆಯನ್ನೆಲ್ಲ ಕಣ್ಣಿನಲ್ಲೇ ಹುಡುಕಿದಳು. ಹೊರಬಾಗಿಲ ಚಿಲಕವನ್ನು ಕೂಡ ಅವನು ಕೆಲಸದಿಂದ ಬರುವ ಹೊತ್ತಿಗೆ ಅವಳೇ ಸರಿಸಿ, ಕದವನ್ನು ಬರೀ ಮುಂದೆ ಮಾಡಿಟ್ಟಿರುತ್ತಿದ್ದಳು.